ನೀರು ತುಂಬುವ ಹೊತ್ತಿಗೆ ಬನ್ನಿ

ದೀಪಾವಳಿಗೆ ಇನ್ನು ಕೆಲವೇ ದಿನಗಳಿವೆ. ಬೆಂಗಳೂರಿನಿಂದ, ಪುಣೆಯಿಂದ, ಗೋವಾದಿಂದ, ಕೊಲ್ಲಿ ದೇಶಗಳಿಂದ ‘ಈ ಸಲ ಹಬ್ಬಕ್ಕೆ ಬಂದೇ ಬರ್ತೀನಿ’ ಎಂಬ ಮಾತು ಹೊಸಪೇಟೆ, ಕಂಪ್ಲಿ, ಸಂಡೂರಿನ ಮನೆಗಳಿಗೆ ಫೋನಿನಲ್ಲಿ ಬರುವ ಕಾಲ ಇದು. ಎರಡು ವರ್ಷ ಬಾರದವರುಂಟು, ಐದು ವರ್ಷ ಬಾರದವರುಂಟು. ಊರು ಬಿಟ್ಟ ಮೇಲೆ ಒಂದೂ ದೀಪಾವಳಿಯನ್ನು ಮನೆಯವರೊಂದಿಗೆ ಮಾಡದವರೂ ಉಂಟು. ಅಂಥವರು ಬರುತ್ತೇನೆ ಎಂದ ಕೂಡಲೇ ಈ ಕಡೆಯಿಂದ ಹೋಗುವ ಪ್ರಶ್ನೆ ಒಂದೇ: ‘ಯಾವತ್ತು ಬರ್ತೀ?’ ಹೆಚ್ಚಿನವರ ಉತ್ತರ ಅಮಾವಾಸ್ಯೆಯ ಮಧ್ಯಾಹ್ನ ಬಂದು ಪಾಡ್ಯದ ರಾತ್ರಿ ಹೊರಡುವ ಲೆಕ್ಕದ್ದು. ಲಕ್ಷ್ಮೀಪೂಜೆ ಸಿಕ್ಕಿತು, ಪಟಾಕಿ ಸಿಕ್ಕಿತು, ಹೋಳಿಗೆ ಊಟ ಸಿಕ್ಕಿತು, ರಜೆಯೂ ಉಳಿಯಿತು. ಈ ಲೆಕ್ಕ ತಪ್ಪು ಎಂಬುದೇ ನನ್ನ ಇಂದಿನ ಮಾತು. ವರ್ಷಗಳ ಮೇಲೆ ಮನೆಗೆ ಬರುವವರು ತ್ರಯೋದಶಿಯ ಸಂಜೆ, ನೀರು ತುಂಬುವ ಹೊತ್ತಿಗೆ ಬರಬೇಕು. ಅಕ್ಕನ ತದಿಗೆ ಮುಗಿಸಿ ಹೊರಡಬೇಕು. ಹಾಗೇಕೆಂದು ಹೇಳುವುದಕ್ಕೆ ನಮ್ಮ ಭಾಗದ ದೀಪಾವಳಿ ಏನೇನು ಕೆಲಸಗಳಿಂದ ಕೂಡಿದ ಹಬ್ಬ, ಆ ಕೆಲಸಗಳನ್ನು ಯಾರು ಯಾರು ಮಾಡಬೇಕು ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ನಮ್ಮ ಕಡೆ ದೀಪಾವಳಿ ಶುರುವಾಗುವುದು ನೀರಿನಿಂದ. ತ್ರಯೋದಶಿಯ ಸಂಜೆ ಬಚ್ಚಲನ್ನು ತಿಕ್ಕಿ ತೊಳೆದು, ಹಂಡೆ ಕೊಡಗಳನ್ನು ಹುಣಸೆಹಣ್ಣಿನಲ್ಲಿ ಬೆಳಗಿ, ಹಂಡೆಗೆ ಸುಣ್ಣ ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬಿಸುತ್ತಾರೆ. ಮರುದಿನ ನರಕ ಚತುರ್ದಶಿ. ಇನ್ನೂ ಕತ್ತಲಿರುವಾಗಲೇ ಹಿರಿಯರು ಕಿರಿಯರ ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಮೈತಿಕ್ಕಿ ನೀರು ಹಾಕುತ್ತಾರೆ. ತಾಯಿ, ಅಕ್ಕ ತಂಗಿಯರು ಮನೆಯ ಗಂಡಸರನ್ನೂ ಮಕ್ಕಳನ್ನೂ ಸಾಲಾಗಿ ಕೂಡಿಸಿ ಆರತಿ ಬೆಳಗುತ್ತಾರೆ. ಅಮಾವಾಸ್ಯೆಯಂದು ಅಂಗಡಿಗಳಲ್ಲಿ ಲಕ್ಷ್ಮೀಪೂಜೆ, ಖಾತೆ ಪುಸ್ತಕದ ಪೂಜೆ. ಹೊಸಪೇಟೆಯ ಸೋಗಿ ಮಾರುಕಟ್ಟೆಯ ಸುತ್ತ ಬಾಳೆಕಂಬ, ಕಬ್ಬು, ಚೆಂಡುಹೂವು, ಬೂದುಗುಂಬಳದ ರಾಶಿ ಬೀಳುವುದು ಇದಕ್ಕಾಗಿಯೇ. ಪಾಡ್ಯದ ಬೆಳಿಗ್ಗೆ ಹೆಂಗಸರು ಸೆಗಣಿಯಲ್ಲಿ ಪಾಂಡವರನ್ನು ಮಾಡುತ್ತಾರೆ. ಹೊಸ್ತಿಲ ಎರಡು ಬದಿಗೆ, ಒಲೆಯ ಬಳಿ, ದನದ ಹಟ್ಟಿಯಲ್ಲಿ ಇಟ್ಟು, ಚೆಂಡುಹೂವು, ಉತ್ತರಾಣಿ ಕಡ್ಡಿ ಸಿಕ್ಕಿಸಿ, ಹಾಲು ಮೊಸರು ಎರೆಯುತ್ತಾರೆ. ದನಗಳ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚುತ್ತಾರೆ. ಆಮೇಲೆ ಬಾವನ ಬಿದಿಗೆ, ಅಕ್ಕನ ತದಿಗೆ. ಅಣ್ಣ ತಮ್ಮಂದಿರು ಅಕ್ಕ ತಂಗಿಯರ ಮನೆಗೆ ಹೋಗಿ ಊಟ ಮಾಡಿ, ಆರತಿ ಮಾಡಿಸಿಕೊಂಡು, ತಟ್ಟೆಗೆ ಉಡುಗೊರೆ ಹಾಕಿ ಬರುವ ದಿನಗಳು ಇವು. ಒಟ್ಟು ಆರು ದಿನ. ಕರ್ನಾಟಕ ಸರ್ಕಾರದ ಸಾರ್ವತ್ರಿಕ ರಜೆಯ ಪಟ್ಟಿಯನ್ನು ನೋಡಿ: ದೀಪಾವಳಿಯ ರಜೆ ನರಕ ಚತುರ್ದಶಿಗೂ ಬಲಿಪಾಡ್ಯಮಿಗೂ ಇರುತ್ತದೆ. ಉತ್ತರ ಭಾರತದಲ್ಲಿ ಹಬ್ಬವೆಂದರೆ ಅಮಾವಾಸ್ಯೆಯ ರಾತ್ರಿ. ಕನ್ನಡ ನಾಡಿನಲ್ಲಿ ಹಬ್ಬದ ಎರಡು ಕಂಬಗಳು ನೀರೆರೆಯುವ ಬೆಳಗು ಮತ್ತು ಬಲೀಂದ್ರನ ಪಾಡ್ಯ. ಕಂಪನಿಗಳ ಒಂದು ದಿನದ ರಜೆಗೆ ತಕ್ಕಂತೆ ನಾವೂ ನಮ್ಮ ಹಬ್ಬವನ್ನು ಒಂದು ರಾತ್ರಿಗೆ ಇಳಿಸಿಕೊಂಡಿದ್ದೇವೆ, ಅಷ್ಟೆ.

ಈಗ ಈ ಆರು ದಿನಗಳ ಕೆಲಸಗಳನ್ನು ಇನ್ನೊಮ್ಮೆ ನೆನೆಯಿರಿ. ಎಣ್ಣೆ ಒತ್ತಲು ಒಬ್ಬ ಹಿರಿಯರು ಬೇಕು, ಒತ್ತಿಸಿಕೊಳ್ಳಲು ಒಂದು ತಲೆ ಬೇಕು. ಆರತಿಗೆ ಬೆಳಗುವವಳು ಬೇಕು, ಕೂಡುವವನು ಬೇಕು. ತದಿಗೆಗೆ ಅಕ್ಕ ಬೇಕು, ತಮ್ಮ ಬೇಕು. ಹೊಸದಾಗಿ ಮದುವೆಯಾದ ಮಗಳಿದ್ದರೆ ಮೊದಲ ದೀಪಾವಳಿಗೆ ಅಳಿಯ ಬರಬೇಕು. ಗಣೇಶನ ಹಬ್ಬವನ್ನು ಓಣಿಯ ಹುಡುಗರು ಸೇರಿ ಮಾಡಬಹುದು, ಜಾತ್ರೆಯಲ್ಲಿ ಯಾರ ಕೈಯಾದರೂ ತೇರಿನ ಮಿಣಿಗೆ ಆದೀತು. ದೀಪಾವಳಿಯ ಒಂದೊಂದು ಕೆಲಸಕ್ಕೂ ಸಂಬಂಧದ ಹೆಸರಿದೆ. ಆ ಹೆಸರಿನವರು ಇಲ್ಲದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಅದಕ್ಕೇ ನಾನು ಇದನ್ನು ಹಾಜರಿಯ ಹಬ್ಬ ಎಂದು ಕರೆಯುತ್ತೇನೆ. ಅಂಗಡಿಯವರು ವರ್ಷದ ಲೆಕ್ಕ ಮುಗಿಸಿ ಹೊಸ ಖಾತೆಗೆ ಅರಿಶಿನ ಕುಂಕುಮ ಹಚ್ಚುವ ಅದೇ ಹೊತ್ತಿನಲ್ಲಿ ಮನೆಯೂ ತನ್ನ ಜನದ ಲೆಕ್ಕ ಹಾಕುತ್ತದೆ. ಹುಟ್ಟಿದವರು, ತೀರಿಕೊಂಡವರು, ಕೊಟ್ಟ ಹೆಣ್ಣುಮಕ್ಕಳು, ಹಟ್ಟಿಯ ದನಕರು, ದೂರ ಹೋದವರು, ಎಲ್ಲರೂ ಆ ಲೆಕ್ಕದಲ್ಲಿ ಬರುತ್ತಾರೆ. ಅಮಾವಾಸ್ಯೆಯ ಮಧ್ಯಾಹ್ನ ಬಂದವರಿಗೆ ಎಣ್ಣೆಯೂ ಇಲ್ಲ, ಆರತಿಯೂ ಇಲ್ಲ. ಪಾಡ್ಯದ ರಾತ್ರಿ ಹೊರಟವರಿಗೆ ತದಿಗೆಯೂ ಇಲ್ಲ. ಅವರು ಹಬ್ಬಕ್ಕೆ ಬಂದ ನೆಂಟರು, ಹಬ್ಬ ಮಾಡಿದವರಲ್ಲ.

ಈ ಮಾತಿಗೆ ನನಗೆ ಸಿಗುವ ಬಲವಾದ ಸಾಕ್ಷಿ ಲಂಬಾಣಿ ತಾಂಡಾಗಳದ್ದು. ಸಂಡೂರು ತಾಲ್ಲೂಕಿನಲ್ಲಿ, ಹೊಸಪೇಟೆ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಗುಡ್ಡದಂಚಿನಲ್ಲಿ ತಾಂಡಾಗಳು ಹರಡಿಕೊಂಡಿವೆ. ಅಲ್ಲಿ ಕಾಳಿ ಅಮಾವಾಸ್ಯೆಯ ರಾತ್ರಿ ಮದುವೆಯಾಗದ ಹೆಣ್ಣುಮಕ್ಕಳು ದೀಪ ಹಿಡಿದು ಮೊದಲು ನಾಯಕನ ಮನೆಗೆ, ಆಮೇಲೆ ಒಂದೊಂದೇ ಮನೆಗೆ ಹೋಗಿ ‘ಮೇರಾ’ ಹಾಡುತ್ತಾರೆ. ಆ ಹಾಡುಗಳ ರೀತಿಯನ್ನು ಗಮನಿಸಬೇಕು. ತಾಯಿ, ತಂದೆ, ಅಣ್ಣ, ಅತ್ತಿಗೆ, ಹೀಗೆ ಒಬ್ಬೊಬ್ಬರನ್ನೂ ಸಂಬಂಧ ಹಿಡಿದು ಬೇರೆ ಬೇರೆಯಾಗಿ ಕರೆದು ಅವರಿಗೆ ಒಳ್ಳೆಯದನ್ನು ಕೋರುತ್ತವೆ. ಇಡೀ ತಾಂಡಾಕ್ಕೆ ಒಟ್ಟಾಗಿ ಶುಭ ಹೇಳಿ ಮುಗಿಸುವುದಿಲ್ಲ. ಮರುದಿನ ಅದೇ ಹೆಣ್ಣುಮಕ್ಕಳು ಹೊಸ ಬಟ್ಟೆ ತೊಟ್ಟು ಕಾಡಿಗೆ ಹೋಗಿ ಹೂ ತಂದು ಮನೆಮನೆಯ ಮುಂದಿನ ಸೆಗಣಿಯ ಮುದ್ದೆಗೆ ಏರಿಸುತ್ತಾರೆ. ಹಿರಿಯರು ಕೆಂಡಕ್ಕೆ ತುಪ್ಪ, ಸಿಹಿಯನ್ನ ಹಾಕಿ ತೀರಿಹೋದವರನ್ನು ನೆನೆಯುತ್ತಾರೆ. ಅದಕ್ಕೆ ‘ಧಬುಕಾರ್’ ಎನ್ನುತ್ತಾರೆ. ಇದ್ದವರು, ಇಲ್ಲದವರು, ಮುಂದಿನ ವರ್ಷ ಗಂಡನ ಮನೆಗೆ ಹೋಗಲಿರುವ ಹುಡುಗಿ, ಎಲ್ಲರ ಹಾಜರಿಯೂ ಎರಡೇ ದಿನಗಳಲ್ಲಿ ಆಗುತ್ತದೆ. ಮುಂದಿನ ದೀಪಾವಳಿಗೆ ತಾನು ಮೇರಾ ಹಾಡುವವರ ಸಾಲಿನಲ್ಲಿ ಇರುವುದಿಲ್ಲ ಎಂದು ತಿಳಿದ ಹುಡುಗಿ ಅಳುವುದೂ, ಜೊತೆಯವರು ಅವಳನ್ನು ತಬ್ಬಿಕೊಂಡು ಅಳುವುದೂ ಈ ಹಬ್ಬದ ಒಂದು ಭಾಗವೇ ಆಗಿದೆ. ಹಬ್ಬವೆಂದರೆ ನಗು ಒಂದೇ ಎಂದು ತಿಳಿದವರು ತಾಂಡಾದ ದೀಪಾವಳಿಯನ್ನು ನೋಡಬೇಕು.

ಹಬ್ಬದ ಹಿಂದಿನ ಕಥೆಗಳೂ ದೂರ ಹೋದವರ ಹಾಜರಿಯನ್ನೇ ಹೇಳುತ್ತವೆ. ಬಲಿ ಚಕ್ರವರ್ತಿ ಸ್ವತಃ ಊರು ಬಿಟ್ಟವನು. ವಾಮನ ಅವನನ್ನು ಪಾತಾಳಕ್ಕೆ ತುಳಿದ. ವರ್ಷಕ್ಕೊಮ್ಮೆ ತನ್ನ ಜನರನ್ನು ನೋಡಿ ಹೋಗುವ ಅವಕಾಶವೊಂದೇ ಅವನಿಗೆ ಉಳಿಯಿತು. ನಾವು ಪಾಡ್ಯದ ದಿನ ದೀಪ ಹಚ್ಚಿ ಕರೆಯುವುದು ಹಾಗೆ ಮರಳಿ ಬರುವವನನ್ನು. ಬಾಗಿಲಲ್ಲಿ ಕೂರುವ ಸೆಗಣಿಯ ಪಾಂಡವರೂ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ ಕಳೆದು ಬಂದವರು. ಇನ್ನು ರಾಮ. ಅವನು ಅಯೋಧ್ಯೆಗೆ ಮರಳಿದ ಸಂತೋಷಕ್ಕೆ ಹಚ್ಚಿದ ದೀಪವೇ ದೀಪಾವಳಿ ಎಂಬ ಕಥೆ ಉತ್ತರದ್ದು. ನಮ್ಮ ಹಂಪಿಯ ನೆಲಕ್ಕೆ ಆ ಕಥೆಯ ಬೇರೆಯೇ ಭಾಗ ಸೇರಿದೆ. ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಸಿಗುವ ಮಾಲ್ಯವಂತ ಬೆಟ್ಟದಲ್ಲಿ ರಾಮಲಕ್ಷ್ಮಣರು ಮಳೆಗಾಲದ ನಾಲ್ಕು ತಿಂಗಳು ಕಾದು ಕುಳಿತರೆಂದು ಇಲ್ಲಿಯ ಸ್ಥಳಪುರಾಣ. ಸೀತೆ ಎಲ್ಲಿದ್ದಾಳೆಂದು ತಿಳಿಯದು, ನದಿ ತುಂಬಿ ಹರಿಯುತ್ತಿದೆ, ದಾರಿ ಮುಚ್ಚಿದೆ. ಅಯೋಧ್ಯೆಯ ಪಾಲಿಗೆ ದೀಪಾವಳಿಯೆಂದರೆ ರಾಮ ಬಂದ ರಾತ್ರಿ. ನಮ್ಮ ಪಾಲಿಗೆ ರಾಮನೆಂದರೆ ಮನೆಯಿಂದ ದೂರ ಇದ್ದು ದಿನ ಎಣಿಸಿದವನು. ಮಕ್ಕಳು ಹೊರಗೆ ದುಡಿಯುವ ಒಂದು ಸೀಮೆಗೆ ಈ ಕಥೆ ಬಹಳ ಹತ್ತಿರದ್ದು ಎಂದು ನನಗೆ ಅನ್ನಿಸುತ್ತದೆ.

ಹಂಪಿಯ ದೀಪಗಳ ಬಗ್ಗೆ ಬರಹದಲ್ಲಿ ಉಳಿದಿರುವ ಹಳೆಯ ಸಾಕ್ಷಿಯೊಂದೂ ಮನೆಗೆ ಮರಳಿದ ಒಬ್ಬ ಮನುಷ್ಯನದೇ. ವೆನಿಸ್ಸಿನ ವ್ಯಾಪಾರಿ ನಿಕೊಲೊ ಕಾಂಟಿ 1420ರ ಸುಮಾರಿನಲ್ಲಿ ವಿಜಯನಗರಕ್ಕೆ ಬಂದಿದ್ದ. ಇಲ್ಲಿ ವರ್ಷದ ಒಂದು ಹಬ್ಬದಲ್ಲಿ ಗುಡಿಗಳ ಒಳಗೂ ಹೊರಗೆ ಮಾಳಿಗೆಗಳ ಮೇಲೂ ಲೆಕ್ಕವಿಲ್ಲದಷ್ಟು ಎಣ್ಣೆಯ ದೀಪಗಳನ್ನಿಟ್ಟು ಹಗಲೂ ರಾತ್ರಿ ಉರಿಸುತ್ತಾರೆ ಎಂದು ಆತ ಹೇಳಿದ್ದಾನೆ. ಹಬ್ಬದ ಹೆಸರನ್ನು ಅವನು ಹೇಳದಿದ್ದರೂ ಇತಿಹಾಸಕಾರರು ಅದನ್ನು ದೀಪಾವಳಿಯೆಂದು ಗುರುತಿಸಿದ್ದಾರೆ. ಕಾಂಟಿ ಇದನ್ನು ಹೇಳಿದ್ದು ಇಲ್ಲಿ ಕುಳಿತಲ್ಲ. ಸುಮಾರು ಕಾಲು ಶತಮಾನ ಪೂರ್ವದೇಶಗಳಲ್ಲಿ ತಿರುಗಿ, ಮರಳುವ ದಾರಿಯಲ್ಲಿ ಈಜಿಪ್ಟಿನಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಪ್ಲೇಗಿಗೆ ಕಳೆದುಕೊಂಡು, 1440ರ ದಶಕದ ಹೊತ್ತಿಗೆ ಇಟಲಿ ಸೇರಿದ ಮೇಲೆ ಪೋಪನ ಕಾರ್ಯದರ್ಶಿಯಾಗಿದ್ದ ಪೊಜ್ಜೊ ಬ್ರಾಚ್ಚೊಲಿನಿಗೆ ಅವನು ಬಾಯಲ್ಲಿ ಹೇಳಿದ, ಪೊಜ್ಜೊ ಬರೆದುಕೊಂಡ. ಅಷ್ಟು ಕಂಡು, ಅಷ್ಟು ಕಳೆದುಕೊಂಡು ಮನೆ ಸೇರಿದವನ ನೆನಪಿನಲ್ಲಿ ಆ ಮಾಳಿಗೆಗಳ ಮೇಲಿನ ದೀಪಗಳು ಇನ್ನೂ ಉರಿಯುತ್ತಿದ್ದವು. ದೀಪ ಮಾತ್ರ ಮುಖ್ಯವೆಂದಾದರೆ ಅದನ್ನು ದೂರದಿಂದಲೂ ನೆನೆಯಬಹುದು ಎಂಬುದಕ್ಕೆ ಕಾಂಟಿಯೇ ಸಾಕ್ಷಿ. ಆದರೆ ಅವನು ಕಂಡದ್ದು ಪರವೂರಿನವನೊಬ್ಬ ಬೀದಿಯಲ್ಲಿ ನಿಂತು ಕಾಣಬಹುದಾದದ್ದನ್ನು: ಗುಡಿಯ ದೀಪ, ಮಾಳಿಗೆಯ ದೀಪ. ಅದೇ ಮಾಳಿಗೆಯ ಕೆಳಗೆ ಯಾರು ಯಾರ ನೆತ್ತಿಗೆ ಎಣ್ಣೆ ಒತ್ತಿದರು ಎಂಬುದು ಅವನ ಕಣ್ಣಿಗೆ ಬೀಳುವಂತಿರಲಿಲ್ಲ. ಅಮಾವಾಸ್ಯೆಯ ರಾತ್ರಿಗೆ ಮಾತ್ರ ಬಂದು ಹೋಗುವ ಮಗನೂ ತನ್ನ ಮನೆಯ ಹಬ್ಬವನ್ನು ಕಾಂಟಿ ಕಂಡಷ್ಟೇ ಕಾಣುತ್ತಾನೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಫೋನಿನದು. ಈಗ ದೂರ ಎಲ್ಲಿದೆ? ವಿಡಿಯೊದಲ್ಲಿ ಆರತಿ ನೋಡಬಹುದು, ಅಜ್ಜಿಯ ಕೈಗೆ ಮೊಬೈಲು ಕೊಟ್ಟು ಮೊಮ್ಮಗಳ ಮುಖ ತೋರಿಸಬಹುದು, ಹಬ್ಬದ ಖರ್ಚನ್ನು ಕ್ಷಣದಲ್ಲಿ ಖಾತೆಗೆ ಹಾಕಬಹುದು. ಈ ಅನುಕೂಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊಲ್ಲಿಗೆ ಹೋದವರ ಪತ್ರಕ್ಕೆ ವಾರಗಟ್ಟಲೆ ಕಾಯುತ್ತಿದ್ದ ಮನೆಗಳಿಗೆ ಇದರ ಬೆಲೆ ಗೊತ್ತು. ಆದರೆ ಫೋನು ಮುಖವನ್ನೂ ದನಿಯನ್ನೂ ತಲುಪಿಸುತ್ತದೆ. ದೀಪಾವಳಿ ಕೇಳುವುದು ಮೈಯನ್ನು. ಎಣ್ಣೆ ನೆತ್ತಿಗೆ ಇಳಿಯಬೇಕು, ಕುಂಕುಮ ಹಣೆಗೆ ತಾಗಬೇಕು, ಕೊಡ ಹೆಗಲಿಗೆ ಏರಬೇಕು. ವಯಸ್ಸಾದ ತಾಯಿ ಮಗನ ತಲೆಗೆ ಎಣ್ಣೆ ಒತ್ತುವಾಗ ಕೂದಲು ತೆಳ್ಳಗಾದದ್ದು, ಬೆನ್ನು ಬಾಗಿದ್ದು, ಮೈ ಇಳಿದದ್ದು ಅವಳ ಕೈಗೆ ತಿಳಿಯುತ್ತದೆ. ಅವಳ ಕೈಯ ಬಲ ಕುಂದಿದ್ದು ಮಗನ ನೆತ್ತಿಗೆ ತಿಳಿಯುತ್ತದೆ. ವರ್ಷಗಳಿಂದ ಇಬ್ಬರೂ ಫೋನಿನಲ್ಲಿ ‘ಆರಾಮಿದ್ದೀನಿ’ ಎಂದು ಮುಚ್ಚಿಟ್ಟದ್ದು ಅಲ್ಲಿ ಒಂದು ಮಾತಿಲ್ಲದೆ ಹೊರಬೀಳುತ್ತದೆ. ಹಾಜರಿ ಎಂದರೆ ನನ್ನ ಅರ್ಥ ಇದು.

ಎರಡನೆಯ ಆಕ್ಷೇಪ ಇದಕ್ಕಿಂತ ಬಹಳ ಗಟ್ಟಿಯಾದದ್ದು, ಮತ್ತು ಅದರ ಮುಂದೆ ಸುಲಭದ ಮಾತು ನಡೆಯುವುದಿಲ್ಲ. ಬರಬೇಕು ಎನ್ನುವುದು ರಜೆ ಇರುವವರಿಗೆ ಹೇಳಬಹುದಾದ ಮಾತು. ದಿನಗೂಲಿಯವರಿಗೆ ಆರು ದಿನ ಎಂದರೆ ಆರು ದಿನದ ಕೂಲಿ, ಮೇಲೆ ಹಬ್ಬದ ದಿನಗಳಲ್ಲಿ ಏರುವ ಖಾಸಗಿ ಬಸ್ಸಿನ ದರ. ದುಡಿಮೆಗಾಗಿ ಊರು ಬಿಡುವುದಕ್ಕೆ ನಮ್ಮ ಭಾಗದಲ್ಲಿ ಒಂದು ಹೆಸರೇ ಇದೆ: ಗುಳೆ. ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯ ಮಳೆಯಾಶ್ರಿತ ಹೊಲಗಳವರು ಮುಂಗಾರಿನ ಬೆಳೆ ಮುಗಿದ ಮೇಲೆ ಗಂಟು ಕಟ್ಟುತ್ತಾರೆ. ಕೆಲವರು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಕೆಲವರು ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ತಾಂಡಾದ ಬಹಳ ಮಂದಿ ಮಂಡ್ಯದ ಕಡೆಗೂ ಮಹಾರಾಷ್ಟ್ರದ ಕಡೆಗೂ ಕಬ್ಬು ಕಡಿಯಲು. ಕಬ್ಬು ನುರಿಸುವ ಕಾಲ ದೀಪಾವಳಿಯ ಆಸುಪಾಸಿಗೇ ಶುರುವಾಗುವುದರಿಂದ ಅವರ ಪಾಲಿಗೆ ಈ ಹಬ್ಬ ಹೊರಡುವ ಹಬ್ಬ. ಹೀಗಾಗಿ ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಒಂದೇ ವಾರ ಎರಡು ಹೊಳೆಗಳು ಹರಿಯುತ್ತವೆ. ಒಂದು ಹೊರಗಿನಿಂದ ಒಳಗೆ, ಚೀಲ ಪೆಟ್ಟಿಗೆ ಹಿಡಿದು. ಇನ್ನೊಂದು ಒಳಗಿನಿಂದ ಹೊರಗೆ, ಪಾತ್ರೆ ಪಡಗ, ಹಾಸಿಗೆ, ಕೈಕೂಸುಗಳನ್ನು ಹೊತ್ತು. ಮುಂಗಡ ಕೊಟ್ಟ ಮೇಸ್ತ್ರಿ ಕರೆದ ಮೇಲೆ ಅವರು ಹೆಚ್ಚು ದಿನ ನಿಲ್ಲುವಂತಿಲ್ಲ.

ಗುಳೆ ಹೋಗುವವರನ್ನು ಮುಂದಿಟ್ಟುಕೊಂಡು ಹಬ್ಬದ ಮಹತ್ವವನ್ನು ಬೋಧಿಸುವುದು ಅನ್ಯಾಯ. ಅದನ್ನು ನಾನು ಮಾಡುತ್ತಿಲ್ಲ. ಆದರೆ ಅವರ ನಡೆ ನನ್ನ ವಾದವನ್ನು ಒಡೆಯುವುದಿಲ್ಲ, ಗಟ್ಟಿಮಾಡುತ್ತದೆ. ಒಂದೊಂದು ದಿನದ ಕೂಲಿಯೂ ಬೇಕಾಗಿರುವ ಜನರೇ ಮೇರಾ ಹಾಡದೆ, ಧಬುಕಾರ್ ಮಾಡದೆ ಹೊರಡಲು ಒಪ್ಪುವುದಿಲ್ಲ. ದೀಪಾವಳಿ ಮುಗಿಯಲಿ ಎನ್ನುತ್ತಾರೆ. ಆ ಕೆಲವು ದಿನಗಳಿಗೆ ಅವರು ತೆರುವ ಬೆಲೆ, ತಿಂಗಳ ಸಂಬಳದವರು ನಾಲ್ಕು ದಿನದ ರಜೆಗೆ ತೆರುವ ಬೆಲೆಗಿಂತ ಬಹಳ ದೊಡ್ಡದು. ಬರಲಾಗದಂತೆ ಮಾಡುವ ಕಾರಣಗಳನ್ನೂ ಇಲ್ಲೇ ಹುಡುಕಬೇಕು. ಕಂಪ್ಲಿಯ ಕಾಲುವೆಯ ಕೆಳಗಿನ ಗದ್ದೆಗಳು ಭತ್ತ ಕೊಯ್ಯಲು ಒಂದು ಕಾಲಕ್ಕೆ ಒಣ ಸೀಮೆಯ ಕೈಗಳನ್ನು ಕರೆಯುತ್ತಿದ್ದವು. ಈಗ ಆ ಕೆಲಸವನ್ನು ಕಟಾವು ಯಂತ್ರ ಮಾಡುತ್ತದೆ. ಕಬ್ಬಿನ ಊರಾದ ಹೊಸಪೇಟೆಯ ಸಕ್ಕರೆ ಕಾರ್ಖಾನೆ ಮುಚ್ಚಿ ವರ್ಷಗಳಾದವು. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಅಕ್ರಮ ನಿಂತದ್ದು ಸರಿಯೇ, ಆದರೆ ಸಂಡೂರಿನ ಸುತ್ತ ಲಾರಿಯನ್ನೂ ಅಗೆತವನ್ನೂ ನಂಬಿದ್ದ ಸಾವಿರಾರು ಮನೆಗಳವರು ಬೇರೆ ಊರುಗಳಲ್ಲಿ ಕೆಲಸ ಹುಡುಕಬೇಕಾಯಿತು. ಇದಕ್ಕೆದುರಾಗಿ ಸಂಡೂರಿನಲ್ಲೇ ಇನ್ನೊಂದು ಉದಾಹರಣೆ ಇದೆ. ಕುಶಲ ಕಲಾ ಕೇಂದ್ರದ ಮೂಲಕ ಲಂಬಾಣಿ ಹೆಂಗಸರ ಕಸೂತಿ 1980ರ ದಶಕದಿಂದ ಮಾರುಕಟ್ಟೆ ಕಂಡಿತು, ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆಯಿತು. ಸೂಜಿ ದಾರದ ಆ ಕೆಲಸ ಎಲ್ಲರಿಗೂ ಸಾಲದು, ನಿಜ. ಆದರೂ ಊರಲ್ಲೇ ದುಡಿಮೆ ಸಿಕ್ಕ ಹೆಣ್ಣುಮಗಳು ಹಬ್ಬಕ್ಕೆ ಯಾರ ರಜೆಯನ್ನೂ ಕೇಳಬೇಕಾಗಿಲ್ಲ.

ಮೂರನೆಯ ಆಕ್ಷೇಪ, ಮರಳಲು ಮನೆಯೇ ಇಲ್ಲ ಎಂಬುದು. ಇದನ್ನು ನಮ್ಮ ಭಾಗದಷ್ಟು ಚೆನ್ನಾಗಿ ಬಲ್ಲ ಸೀಮೆ ಕಡಿಮೆ. 1945ರಲ್ಲಿ ಕೆಲಸ ಶುರುವಾಗಿ 1953ರ ಹೊತ್ತಿಗೆ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟಿನ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು; ಅರ್ಧ ಲಕ್ಷಕ್ಕೂ ಹೆಚ್ಚು ಜನ ಜಾಗ ಬಿಟ್ಟರು. ನಾರಾಯಣದೇವರಕೆರೆ ಎಂಬ ದೊಡ್ಡ ಊರು ಹಾಗೆ ಹೋಯಿತು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ದೀಪಾವಳಿಯ ಹೊತ್ತಿಗೆ ಸಾಮಾನ್ಯವಾಗಿ ಜಲಾಶಯ ತುಂಬಿರುವುದರಿಂದ ಆ ಊರಿನ ಹೊಸ್ತಿಲುಗಳು ಹಬ್ಬದ ದಿನ ನೀರಿನಡಿಯಲ್ಲೇ ಇರುತ್ತವೆ. ಗಣಿಗಾರಿಕೆ ನಿಂತ ಅದೇ 2011ರ ಜುಲೈ ಕೊನೆಯಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನ ಸಾಲುಮಂಟಪಗಳಲ್ಲಿ ಸಂಸಾರ ಹೂಡಿದ್ದವರನ್ನು ಸ್ಮಾರಕದ ರಕ್ಷಣೆಗೆಂದು ತೆರವು ಮಾಡಿದರು. ಅವರಿಗೆ ಆಮೇಲೆ ಕಡ್ಡಿರಾಂಪುರದಲ್ಲಿ ಜಾಗ ಸಿಕ್ಕಿತು. ಮಂಟಪ ಉಳಿಯಬೇಕೋ ಮನೆ ಉಳಿಯಬೇಕೋ ಎಂಬ ಆ ವಾದಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ಹೇಳಬೇಕಾದದ್ದು ಇಷ್ಟು: ಮರಿಯಮ್ಮನಹಳ್ಳಿಯಲ್ಲೂ ಕಡ್ಡಿರಾಂಪುರದಲ್ಲೂ ಹಂಡೆ ತುಂಬುತ್ತದೆ, ಪಾಂಡವರು ಹೊಸ್ತಿಲಿಗೆ ಬರುತ್ತಾರೆ. ಗೋಡೆ ನೀರಿನ ಪಾಲಾದರೂ ಕೆಲಸಗಳು ಜನರ ಜೊತೆ ನಡೆದು ಬಂದವು. ಹಳೆಯ ಮನೆ ಮಾರಿ ಹೋಗಿದೆ, ಊರಲ್ಲಿ ನನ್ನದೇನಿದೆ ಎನ್ನುವ ಇಂದಿನ ಮಗನಿಗೆ ಇವರೇ ಉತ್ತರ. ತಮ್ಮನ ಬಾಡಿಗೆ ಮನೆಯ ಬಚ್ಚಲಲ್ಲೂ ನೀರು ತುಂಬಬಹುದು.

ನಾಲ್ಕನೆಯದನ್ನು ಗಂಡಸರು ಎತ್ತುವುದಿಲ್ಲ, ಹೆಂಗಸರು ಎತ್ತುತ್ತಾರೆ, ಎತ್ತಲೇಬೇಕು. ಆರು ದಿನದ ಹಬ್ಬವೆಂದರೆ ಆರು ದಿನದ ಅಡುಗೆ, ಸಾರಿಸುವುದು, ಬೆಳಗುವುದು, ಕರ್ಚಿಕಾಯಿ ಹೋಳಿಗೆ ಮಾಡುವುದು. ದೂರದಿಂದ ಬಂದ ಗಂಡಸರು ಹಾಸಿಗೆಯ ಮೇಲೆ ಕುಳಿತು ಊರ ಸುದ್ದಿ ಮಾತಾಡುತ್ತಾರೆ; ಜೊತೆಯಲ್ಲಿ ಬಂದ ಸೊಸೆ, ಅವಳೂ ಅಷ್ಟೇ ದೂರದಿಂದ, ಅಷ್ಟೇ ಕೆಲಸ ಬಿಟ್ಟು ಬಂದವಳು, ಒಲೆಯ ಮುಂದೆ ನಿಲ್ಲುತ್ತಾಳೆ. ಹೆಚ್ಚು ದಿನ ಇರಿ ಎಂಬ ನನ್ನ ಮಾತು ಅವಳ ಪಾಲಿಗೆ ಹೆಚ್ಚು ದಿನ ದುಡಿಯಿರಿ ಎಂದಂತೆ ಕೇಳಿಸಿದರೆ ತಪ್ಪು ಅವಳದಲ್ಲ. ನಾನು ನೀರು ತುಂಬುವ ಹೊತ್ತನ್ನೇ ಹಿಡಿದು ಕೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ತ್ರಯೋದಶಿಯ ಸಂಜೆ ಮನೆ ತುಂಬ ಕೆಲಸವಿರುತ್ತದೆ, ಪೂಜೆ ಊಟಗಳ ಸಂಭ್ರಮ ಇನ್ನೂ ಶುರುವಾಗಿರುವುದಿಲ್ಲ. ಆ ಹೊತ್ತಿಗೆ ಬಂದವನು ಹಂಡೆ ತಿಕ್ಕಬೇಕು, ಕೊಡ ಹೊರಬೇಕು, ಬಾಳೆಕಂಬ ಕಟ್ಟಬೇಕು, ದನ ತೊಳೆಯಬೇಕು. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಬರುವವನು ಎಲ್ಲ ಕೆಲಸ ಮುಗಿದ ಮೇಲೆ ಎಲೆಗೆ ಕೂಡಲು ಬರುತ್ತಾನೆ. ಆ ಸೊಸೆಗೂ ಒಂದು ತವರಿದೆ, ಅಲ್ಲಿ ಅವಳ ದಾರಿ ಕಾಯುವ ಒಬ್ಬ ಅಣ್ಣನಿರಬಹುದು. ಅವಳ ಹಾಜರಿ ಎಲ್ಲಿ ಎಂಬುದನ್ನು ಅವಳೇ ತೀರ್ಮಾನಿಸುವಂತೆ ಆಗದಿದ್ದರೆ ಮಗ ಬಂದದ್ದರಿಂದ ಒಂದು ಮನೆಯ ಜಾಗ ತುಂಬಿ ಇನ್ನೊಂದು ಮನೆಯ ಜಾಗ ಬರಿದಾಗುತ್ತದೆ.

ಮನೆಯವರು ಕೂಡುವುದಕ್ಕೆ ದೀಪಾವಳಿಯೇ ಏಕೆ, ದಸರಾ ಇದೆ, ಯುಗಾದಿ ಇದೆ, ಮೈಲಾರದ ಜಾತ್ರೆ ಇದೆ ಎನ್ನಬಹುದು. ಅವಕ್ಕೂ ಬನ್ನಿ. ಆದರೆ ವಿಜಯದಶಮಿಯ ದಿನ ಹೊಸಪೇಟೆಯ ಏಳು ಕೇರಿಗಳ ಪಲ್ಲಕ್ಕಿಗಳು ಧರ್ಮದಗುಡ್ಡಕ್ಕೆ ಹೊರಟಾಗ ಅದು ಊರಿನ ಹಬ್ಬ. ಗುಂಪಿನಲ್ಲಿ ಒಬ್ಬ ಕಡಿಮೆಯಾದರೆ ಪಲ್ಲಕ್ಕಿ ನಿಲ್ಲುವುದಿಲ್ಲ. ದೀಪಾವಳಿ ಎಲ್ಲರ ಮನೆಯ ಹಬ್ಬವೂ ಅಲ್ಲ ಎಂಬುದು ಇನ್ನೊಂದು ಮಾತು, ಮತ್ತು ಅದು ನಿಜ. ಓಣಿಯಲ್ಲಿ ರಂಜಾನಿಗೆ ಮಗನ ದಾರಿ ಕಾಯುವ ಮನೆ ಇದೆ, ಕ್ರಿಸ್‌ಮಸ್ಸಿಗೆ ಕಾಯುವ ಮನೆ ಇದೆ. ನಾನು ಹೇಳುತ್ತಿರುವ ಹಾಜರಿಗೆ ಪಂಚಾಂಗ ಬೇರೆಯಾದರೂ ಅರ್ಥ ಬೇರೆಯಾಗದು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಬಿಹಾರದಿಂದ, ಜಾರ್ಖಂಡಿನಿಂದ, ಒಡಿಶಾದಿಂದ ಬಂದು ದುಡಿಯುವವರನ್ನೇ ನೋಡಿ. ಬಿಹಾರದವರಿಗೆ ದೀಪಾವಳಿಯ ಅಮಾವಾಸ್ಯೆ ಕಳೆದ ಆರನೆಯ ದಿನ ಬರುವ ಛಠ್ ಪೂಜೆ ಇದಕ್ಕಿಂತ ದೊಡ್ಡದು. ಸೊಂಟಮಟ್ಟ ನೀರಿನಲ್ಲಿ ನಿಂತು ಸೂರ್ಯನಿಗೆ ಅರ್ಘ್ಯ ಕೊಡುವ ತಾಯಿ ಅಲ್ಲಿ ಮಗನ ದಾರಿ ನೋಡುತ್ತಿರುತ್ತಾಳೆ. ನಮ್ಮ ಮಕ್ಕಳಿಗೆ ಬೆಂಗಳೂರಿನ ಮಾಲೀಕರು ರಜೆ ಕೊಡಲಿ ಎಂದು ಬಯಸುವ ನಾವು ನಮ್ಮ ಊರಿನ ಕಾರ್ಖಾನೆ, ಹೋಟೆಲು, ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವ ಪರವೂರಿನವರ ರಜೆಯ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಬೇಕು. ಕಳಿಸುವ ಊರೂ ನಮ್ಮದೇ, ಕರೆಸಿಕೊಳ್ಳುವ ಊರೂ ನಮ್ಮದೇ.

ಬಹಳ ವರ್ಷಗಳ ಮೇಲೆ ಬರುವವರ ಮನಸ್ಸಿನಲ್ಲಿ ಇನ್ನೊಂದು ಅಳುಕಿರುತ್ತದೆ. ಇಷ್ಟು ದಿನ ಬಾರದವನು ಈಗ ಯಾವ ಮುಖ ಹೊತ್ತು ಹೋಗಲಿ, ತಂದೆ ತೀರಿಕೊಂಡ ವರ್ಷವೂ ನಿಲ್ಲಲಾಗಲಿಲ್ಲ, ತಮ್ಮನೊಂದಿಗೆ ಹೊಲದ ವಿಷಯಕ್ಕೆ ಮಾತು ಬಿಟ್ಟಿದೆ ಎಂಬಂಥ ಅಳುಕು. ಅದನ್ನು ಮುಚ್ಚಲು ಜನ ದೊಡ್ಡ ಉಡುಗೊರೆ ತರುತ್ತಾರೆ, ಟೀವಿ ತರುತ್ತಾರೆ, ಬಂಗಾರ ತರುತ್ತಾರೆ. ಉಡುಗೊರೆ ಕೊಟ್ಟವನನ್ನು ಮನೆ ಮತ್ತೆ ನೆಂಟನನ್ನಾಗಿಯೇ ನೋಡುತ್ತದೆ. ಕೆಲಸಕ್ಕೆ ಕೈಹಾಕಿದವನಿಗೆ ಹಾಗಾಗುವುದಿಲ್ಲ. ಮಾತು ಬಿಟ್ಟ ಅಣ್ಣ ತಮ್ಮಂದಿರಿಗೆ ಮೊದಲ ಮಾತು ಹೊಲದ ವಿಷಯವಾದರೆ ಕಷ್ಟ. ‘ಆ ಕೊಡ ಈ ಕಡೆ ಕೊಡು’ ಎಂಬುದಾದರೆ ಕಷ್ಟವಿಲ್ಲ. ಜಗಳ ಅಷ್ಟರಿಂದ ಮುಗಿಯುತ್ತದೆಂದು ನಾನು ಹೇಳುವುದಿಲ್ಲ, ಮುಗಿಯದೆಯೂ ಇರಬಹುದು. ಆದರೆ ಮರುದಿನ ಬೆಳಗಿನ ಜಾವ ಇಬ್ಬರೂ ಒಂದೇ ಹಂಡೆಯ ನೀರು ಹೊಯ್ದುಕೊಳ್ಳುತ್ತಾರೆ, ಒಂದೇ ಆರತಿಗೆ ಪಕ್ಕಪಕ್ಕದಲ್ಲಿ ಕೂಡುತ್ತಾರೆ.

ಆದ್ದರಿಂದ ಟಿಕೆಟು ತೆಗೆಸುವ ಮುನ್ನ ಪಂಚಾಂಗವನ್ನೊಮ್ಮೆ ನೋಡಿ, ತ್ರಯೋದಶಿ ಯಾವ ವಾರ ಬಿದ್ದಿದೆ, ತದಿಗೆ ಯಾವ ವಾರ ಎಂದು. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಕಂಪ್ಲಿಗೂ ಸಂಡೂರಿಗೂ ಅಲ್ಲಿಂದ ಮಧ್ಯಾಹ್ನದೊಳಗೆ ಸೇರಬಹುದು. ಸಂಜೆಗೆ ಇನ್ನೂ ಹೊತ್ತಿರುತ್ತದೆ. ಮರಳುವ ಟಿಕೆಟನ್ನು ಪಾಡ್ಯದ ರಾತ್ರಿಗೆ ತೆಗೆಸಬೇಡಿ. ಅಕ್ಕನನ್ನು ಕೊಟ್ಟದ್ದು ಕಂಪ್ಲಿಗಾದರೆ ಕಂಪ್ಲಿಗೆ, ತೋರಣಗಲ್ಲಿಗಾದರೆ ತೋರಣಗಲ್ಲಿಗೆ, ತದಿಗೆಯ ದಿನ ಅವಳ ಮನೆಗೆ ಹೋಗಿ ಊಟ ಮಾಡಿ, ತಟ್ಟೆಗೆ ಕೈಲಾದದ್ದು ಹಾಕಿ, ಆ ರಾತ್ರಿಯ ರೈಲು ಹಿಡಿಯಿರಿ. ಅವಳು ಎಷ್ಟು ವರ್ಷಗಳಿಂದ ಆ ದಿನ ಎರಡು ಎಲೆ ಹೆಚ್ಚಿಗೆ ಹಾಕುತ್ತಿದ್ದಾಳೋ ಅವಳನ್ನೇ ಕೇಳಿ.